ಬಾಟಲಿಯೊಳಗಿನ ಮೋಡ

ಹಲಬರ್ಗಾ ಸ್ಟೇಶನ್ನಿನಿಂದ ಹೊರಗೆ ಬಂದರೆ ಎಡಕ್ಕೆ ಒಂದು ಬೇವಿನ ಮರ, ಮರದಾಚೆ ಒಂದು ತಗಡಿನ ಚಪ್ಪರ, ಚಪ್ಪರದ ತುಂಬ ಜೋತುಬಿದ್ದ ಹಳೆ ಟೈರುಗಳು. ಅದು ಗಿರಿಜಾಬಾಯಿಯವರ ಸೈಕಲ್ ಅಂಗಡಿ. ನಾನು ಬೀದರಿನಿಂದ ಬೆಳಗಿನ ಪ್ಯಾಸೆಂಜರ್ ಗಾಡಿ ಹಿಡಿದು ಬಂದು, ಅಲ್ಲಿಟ್ಟ ನನ್ನ ಸೈಕಲ್ ತೆಗೆದುಕೊಂಡು ಶಾಲೆಗೆ ಹೋಗುತ್ತಿದ್ದೆ. ನಾನು ಕನ್ನಡ ಕಲಿಸುವ ಮಾಸ್ತರ. ವಿಜ್ಞಾನಕ್ಕೂ ನನಗೂ ಹತ್ತನೆಯ ತರಗತಿಯಲ್ಲೇ ಜಗಳವಾಗಿ ಮಾತು ನಿಂತುಹೋಗಿತ್ತು. ಆ ಜಗಳ ಬಿಡಿಸಿದವರು ಗಿರಿಜಾಬಾಯಿ.

ಅವರನ್ನು ಸಾಧು ಸ್ವಭಾವದ ಹೆಂಗಸು ಎಂದು ಯಾರಾದರೂ ಬರೆದರೆ ನಂಬಬೇಡಿ. ದನಿ ದೊಡ್ಡದು. ಗೊತ್ತಿರುವುದನ್ನು ಗೊತ್ತು ಎಂದು ಸ್ಟೇಶನ್ ಮಾಸ್ತರಿಗೂ ಕೇಳುವ ಹಾಗೆ ಹೇಳುತ್ತಿದ್ದರು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೂ ಅಷ್ಟೇ ಗಟ್ಟಿಯಾಗಿ ಹೇಳುತ್ತಿದ್ದರು. ನನ್ನಂಥ ಮಾಸ್ತರಿಗೆ ಮೊದಲನೆಯದು ಮಾತ್ರ ಬರುತ್ತದೆ. ಹವಾ ಹೊಡೆಯುವಾಗ ಸೆರಗನ್ನು ಸೊಂಟಕ್ಕೆ ಬಿಗಿದು, ಪಂಪಿನ ಎರಡೂ ಕಾಲು ತುಳಿದು ನಿಂತರೆ, ಹಾಲಿನ ಕ್ಯಾನು ಕಟ್ಟಿಕೊಂಡ ಗಂಡಸರು ಕೂಡ ಸರದಿ ಬರುವ ತನಕ ತುಟಿ ಪಿಟಕ್ಕೆನ್ನುತ್ತಿರಲಿಲ್ಲ.

ಅವರು ಹುಟ್ಟಿದ್ದು ಭಾಲ್ಕಿ ತಾಲೂಕಿನ ಮೆಹಕರದಲ್ಲಿ. ಎಪ್ಪತ್ತೆರಡರ ಬರಗಾಲದಲ್ಲಿ ತಂದೆ ಏಕನಾಥ, ತಾಯಿ ಸುಭದ್ರಾಬಾಯಿ, ಸೊಂಟದ ಮೇಲೆ ಈ ಮಗಳನ್ನು ಕೂರಿಸಿಕೊಂಡು ಊರು ಬಿಟ್ಟರು. ಮನೆಗೆ ಚಿಲಕ ಹಾಕಿ, ಮಳೆಗಾಲಕ್ಕೆ ಬರುತ್ತೇವೆಂದು ನೆರೆಯವರಿಗೆ ಹೇಳಿ ಹೊರಟವರು. ಮಳೆಗಾಲ ಬಂತು, ಹೋಯಿತು, ಮತ್ತೆ ಬಂತು. ಇವರು ಬೀದರಿನಲ್ಲೇ ಉಳಿದರು. ಮೆಹಕರದ ಮಣ್ಣಿನ ಗೋಡೆ ಒಂದೊಂದಾಗಿ ಕುಸಿದು, ಕಡೆಗೆ ಆ ಜಾಗದಲ್ಲಿ ಯಾರದೋ ಜೋಳದ ಕಣಿಕೆ ಬಣವೆ ಎದ್ದಿತು.

“ನಮ್ಮಪ್ಪ ಸಾಯೋ ತನಕ ‘ಮುಂದಿನ ಮಳಿಗಾಲಕ್ಕ ಹೋಗೂನು’ ಅಂತಿದ್ದರಿ. ಊರು ಬಿಡೋರೆಲ್ಲಾ ಹಂಗೇ ಅಂತಾರ. ನಾ ಮಾತ್ರ ಒಮ್ಮಿ ಬಿಟ್ಟೇನಿ, ಇನ್ನ ಬಿಡಂಗಿಲ್ಲ,” ಎಂದು ಗಿರಿಜಾಬಾಯಿ ಹೇಳಿದ್ದನ್ನು ನಾನೇ ಎಷ್ಟೋ ಸಲ ಕೇಳಿದ್ದೇನೆ.

ಬೀದರಿನಲ್ಲಿ ಏಕನಾಥರಿಗೆ ಕೆಲಸ ಕೊಟ್ಟವರು ಚೌಬಾರಾ ಬುರುಜಿನ ಹತ್ತಿರ ಬಾಡಿಗೆ ಸೈಕಲ್ ಅಂಗಡಿ ಇಟ್ಟಿದ್ದ ಅಬ್ದುಲ ಗಫೂರ. ಮಗಳು ಅಂಗಡಿಯಲ್ಲೇ ಬೆಳೆದಳು. ಹವಾ ಹೊಡೆದರೆ ಪಂಪಿನ ಬುಡ ಬಿಸಿಯಾಗುತ್ತದೆ, ಟ್ಯೂಬಿನ ವಾಲ್ ಬಿಚ್ಚಿ ಹವಾ ಬಿಟ್ಟರೆ ಅದೇ ವಾಲ್, ಆ ಪುಟ್ಟ ಹಿತ್ತಾಳೆ ಕೊಳವೆ, ತಣ್ಣಗಾಗುತ್ತದೆ. ಇದು ಆ ಹುಡುಗಿಯ ಬೆರಳಿಗೆ ಗೊತ್ತಿತ್ತು. ಯಾಕೆ ಎಂದು ಗಫೂರ ಚಾಚಾನನ್ನು ಕೇಳಿದರೆ, ‘ಅಲ್ಲಾನ ಹುಕುಂ’ ಎಂದು ನಕ್ಕು ಮುಂದಿನ ಗಾಲಿ ಬಿಚ್ಚುತ್ತಿದ್ದರು.

ಉತ್ತರ ಸಿಕ್ಕಿದ್ದು ಶಾಲೆಯಲ್ಲಿ. ವಿಜ್ಞಾನ ಕಲಿಸುತ್ತಿದ್ದ ಹಮೀದುನ್ನಿಸಾ ಟೀಚರು ಒಂದು ದಿನ ಇವರಿಂದಲೇ ಅಂಗಡಿಯ ಪಂಪು ತರಿಸಿಕೊಂಡರಂತೆ. ಗಾಜಿನ ಬಾಟಲಿಯಲ್ಲಿ ಒಂದು ಗುಟುಕು ನೀರು, ಬಾಯಿಗೆ ರಬ್ಬರಿನ ಬಿರಡೆ, ಬಿರಡೆಯಲ್ಲಿ ಟ್ಯೂಬಿನ ವಾಲ್. ಪಂಪು ಹೊಡೆದು ಹೊಡೆದು ಬಿರಡೆ ಫಟ್ಟೆಂದು ಹಾರಿದಾಗ ಬಾಟಲಿಯೊಳಗೆ ಬೆಳ್ಳಗೆ ಮೋಡ ಕವಿಯಿತು. “ಬೇಟಿ, ನಿನ್ನ ವಾಲ್ ಯಾಕ ಥಂಡಾ ಆಗ್ತದ ಅಂತ ಕೇಳಿದ್ದಿಯಲ್ಲ, ಇದಾ ನೋಡು ಜವಾಬು,” ಎಂದರು ಟೀಚರು. ಒತ್ತಿಟ್ಟ ಹವಾ ಸಡಿಲಾದರೆ ತಣ್ಣಗಾಗುತ್ತದೆ. ನೆಲದ ಹವಾ ಮೇಲೇರಿದಷ್ಟೂ ಅದರ ಮೇಲಿನ ಒತ್ತಡ ಕಡಿಮೆಯಾಗಿ, ಹಿಗ್ಗಿ, ತಣ್ಣಗಾಗಿ, ಒಳಗಿನ ನೀರಿನ ಆವಿ ಸಣ್ಣ ಹನಿಯಾಗುತ್ತದೆ. ಆಕಾಶದ ಮೋಡಕ್ಕೂ ಚೌಬಾರಾದ ಸೈಕಲ್ಲಿಗೂ ಒಂದೇ ಕಾಯಿದೆ. ಆ ದಿನ ಪಂಪು ಹೊತ್ತು ಮನೆಗೆ ಬರುವಾಗ ತಾನು ನೆಲದ ಮೇಲೆ ನಡೆಯಲೇ ಇಲ್ಲ ಎನ್ನುತ್ತಿದ್ದರು ಗಿರಿಜಾಬಾಯಿ.

ಮದುವೆಯಾಗಿ ಹಲಬರ್ಗಾಕ್ಕೆ ಬಂದರು. ಗಂಡ ದತ್ತಾತ್ರಿ ಕೂಲಿ ಮಾಡುತ್ತಿದ್ದ ಒಳ್ಳೆಯ ಮನುಷ್ಯ, ಆದರೆ ಪಾನಾ ಹಿಡಿದರೆ ನಟ್ಟಿನ ಬದಲು ಬೆರಳು ತಿರುಗಿಸಿಕೊಳ್ಳುವ ಜಾತಿ. ಹಾಗಾಗಿ ಅಂಗಡಿ ಹೆಂಡತಿಯದಾಯಿತು. ಹೆಂಗಸು ಪಂಕ್ಚರ್ ತಿದ್ದುತ್ತಾಳೆಂದು ಮೊದಮೊದಲು ಜನ ನಗಲಿಕ್ಕೆ ಬಂದರು. ನಗಲಿಕ್ಕೆ ಬಂದವರ ಟ್ಯೂಬೂ ಒಂದಿಲ್ಲೊಂದು ದಿನ ತೂತಾಗುತ್ತದಲ್ಲ. ಊರಿನ ಹಿರಿಯ ರೈತ ಶಿವರಾಜಪ್ಪ ತಮ್ಮ ಹಳೆ ಕರಿ ಸೈಕಲ್ ತಂದು ಆ ಚಪ್ಪರಕ್ಕೆ ಒರಗಿಸಿದ ದಿನ ನಗೆ ನಿಂತಿತು. ಶಿವರಾಜಪ್ಪನವರ ಸೈಕಲ್ ಎಲ್ಲಿ ನಿಲ್ಲುತ್ತದೋ ಊರಿನ ಸೈಕಲ್ಲೆಲ್ಲ ಅಲ್ಲಿ ನಿಲ್ಲುತ್ತಿದ್ದವು. ದಿನಾ ಲಿಂಗಪೂಜೆ ಮಾಡಿ, ಬಸವಣ್ಣನವರ ಹೆಸರು ಹೇಳಿಯೇ ಬಾಯಿಗೆ ನೀರು ಹಾಕುವ ಮನುಷ್ಯ. ಅವರ ಮಾತಿಗೆ ಊರಲ್ಲಿ ತೂಕವಿತ್ತು.

ಆಮೇಲೆ ಬಂದವು ಎರಡು ಸಾವಿರದ ಹದಿನಾಲ್ಕು, ಹದಿನೈದರ ವರ್ಷಗಳು. ಮೊದಲನೆಯ ವರ್ಷ ಮಳೆ ಅರ್ಧಕ್ಕೆ ಕೈಕೊಟ್ಟಿತು. ಎರಡನೆಯ ವರ್ಷ ಮೃಗಶಿರಾದಲ್ಲಿ ನಾಲ್ಕು ಹನಿ ಉದುರಿಸಿ, ಉದ್ದು ಹೆಸರು ಮೊಳಕೆ ಬಿಡುವಷ್ಟು ಆಸೆ ತೋರಿಸಿ ಓಡಿಹೋಯಿತು. ನಾನು ಇಳಿಯುವ ಗಾಡಿಯ ಎದುರಿನ ಗಾಡಿಗೆ ಜನ ಗಂಟು ಮೂಟೆ ಹೊತ್ತು ನಿಲ್ಲತೊಡಗಿದರು. ಕೆಲವರು ಹೈದರಾಬಾದಿಗೆ, ಕೆಲವರು ಪುಣೆಗೆ. ನನ್ನ ತರಗತಿಯ ಬೆಂಚುಗಳು ಖಾಲಿಯಾಗುತ್ತ ಬಂದವು. ಹಾಜರಿ ಕೂಗುವಾಗ ಉತ್ತರ ಬಾರದ ಹೆಸರುಗಳ ಮುಂದೆ ನಿಲ್ಲುವುದು ನನಗೆ ಕಷ್ಟವಾಗುತ್ತಿತ್ತು. ದತ್ತಾತ್ರಿಯೂ ಹೈದರಾಬಾದಿನ ಒಂದು ಕಟ್ಟಡದಲ್ಲಿ ವಾಚಮನ್ ಕೆಲಸ ಹಿಡಿದು ಹೋದ. ಹೆಂಡತಿಯನ್ನೂ ಕರೆದ. ಪಂಪು ನನಗೆ ಅನ್ನ ಹಾಕುತ್ತಿರುವ ತನಕ ಬರುವುದಿಲ್ಲ ಎಂದು ಗಿರಿಜಾಬಾಯಿ ಹೇಳಿ ಕಳಿಸಿದರು.

ನಮ್ಮ ಮಾತೆಲ್ಲ ಆಗ ಮಳೆಯ ಸುತ್ತಲೇ. ಔರಾದ ತಾಲೂಕಿನ ಸಂತಪುರದಲ್ಲಿ ನಮ್ಮ ತಾಯಿ ಗುರಮ್ಮ ಇದ್ದಾರೆ. ಅವರು ಫೋನಿನಲ್ಲಿ ದಿನಾ ಒಂದೇ ಮಾತು ಹೇಳುತ್ತಿದ್ದರು: ಮೊದಲು ಹೀಗಿರಲಿಲ್ಲ, ಕಾಲ ಕೆಟ್ಟಿತು. ನಾನು ಅದನ್ನೇ ಗಿರಿಜಾಬಾಯಿಗೆ ಹೇಳಿದೆ.

“ಕಾಲ ಕೆಟ್ಟದ ಅಂದ್ರ ಏನ್ರಿ ಮಾಸ್ತರ? ಎಪ್ಪತ್ತೆರಡರಾಗ ಚಲೋ ಇತ್ತೇನು?” ಎಂದು ಜಗಳಕ್ಕೇ ನಿಂತರು. “ಒಂದು ವರ್ಷದ ಬರ ಅಂದ್ರ ಪಂಕ್ಚರ್. ಮುಳ್ಳು ಹತ್ತಿತು, ಹವಾ ಹೋತು. ಯಾವ ಕಾಲದಾಗಾದ್ರೂ ಆಗೋದೇ. ಆದ್ರ ಟೈರೇ ಸವದು ತೆಳ್ಳಗಾಗ್ಯದ ಅನ್ನೋದು ಬ್ಯಾರೆ ಮಾತು. ಅದನ್ನ ಒಂದು ಪಂಕ್ಚರ್ ನೋಡಿ ಹೇಳಬಾರದು. ವರ್ಷಾನುಗಟ್ಟಲೆ ಗಾಲಿ ತಿರುಗಿಸಿ ನೋಡಬೇಕು.”

“ನೋಡಿದವರು ಏನಂತಾರ?”

“ಸವದದ ಅಂತಾರ.”

ಅವರು ಸಿಕ್ಕಿದ್ದನ್ನೆಲ್ಲ ಓದುತ್ತಿದ್ದರು. ನಮ್ಮ ಶಾಲೆಯ ವಿಜ್ಞಾನ ಪುಸ್ತಕಗಳನ್ನು ನಾನೇ ಒಯ್ದು ಕೊಟ್ಟು ತರುತ್ತಿದ್ದೆ. ರೇಡಿಯೋ ಅಂತೂ ಅಂಗಡಿಯಲ್ಲಿ ಬಾಯಿ ಮುಚ್ಚುತ್ತಿರಲಿಲ್ಲ. ಆ ವರ್ಷ ದೂರದ ಪೆಸಿಫಿಕ್ ಸಮುದ್ರದ ನೀರು ಬಿಸಿಯೇರಿದ್ದರಿಂದ ನಮ್ಮ ಕಡೆಯ ಮಳೆಗಾಳಿಯ ಕಸುವು ಕುಂದಿದೆ ಎಂದು ಅವರೇ ನನಗೆ ತಿಳಿಸಿದರು. ಮೊದಲೇ ನಾವು ಪಡುವಣ ಘಟ್ಟ ತಿಂದುಳಿದ ಮಳೆಯನ್ನು ನಂಬಿದವರು. ಅದರ ಮೇಲೆ, ಕಲ್ಲಿದ್ದಲು, ಡೀಸೆಲ್ಲು ಸುಟ್ಟ ಹೊಗೆಯಲ್ಲಿರುವ ಅನಿಲ ಭೂಮಿಯ ಕಾವನ್ನು ಹೊರಗೆ ಬಿಡದೆ ಹಿಡಿದಿಟ್ಟು, ಇಡೀ ಜಗತ್ತಿನ ಹವಾ ವರ್ಷದಿಂದ ವರ್ಷಕ್ಕೆ ಬಿಸಿಯಾಗುತ್ತಿದೆ. ಒಂದು ಡಿಗ್ರಿ ಬಿಸಿಯಾದರೆ ಹವಾದಲ್ಲಿ ನೂರಕ್ಕೆ ಏಳರಷ್ಟು ಹೆಚ್ಚು ನೀರು ಹಿಡಿಯುತ್ತದೆ.

“ಹೆಚ್ಚು ನೀರು ಹಿಡಿದ್ರ ಚಲೋನೇ ಆತಲ್ಲ?” ಎಂದೆ.

“ಚೀಲ ದೊಡ್ಡದಾತ್ರಿ ಮಾಸ್ತರ. ತುಂಬೋ ತನಕ ಕೊಡಂಗಿಲ್ಲ. ತುಂಬಿದ ಮ್ಯಾಲ ಒಮ್ಮಿಗೇ ಸುರೀತದ. ಮೊದಲಿನ ಜಿಟಿಜಿಟಿ ಮಳಿ ಎಲ್ಲದ ಈಗ? ನಿಮ್ಮ ತಾಯಿಯವರಿಗೇ ಕೇಳ್ರಿ.”

ಕೇಳಿದೆ. ಹೌದೆಂದರು ಗುರಮ್ಮ, ಬಂದರೆ ಬಡಿಯುತ್ತದೆ, ಇಲ್ಲದಿದ್ದರೆ ಇಲ್ಲ. ಮರುವರ್ಷದ ಸಪ್ಟೆಂಬರದಲ್ಲಿ ಆ ಚೀಲ ಸುರಿದಾಗ ನಾನು ಸ್ಟೇಶನ್ನಿನಲ್ಲಿ ಮೊಣಕಾಲುದ್ದ ನೀರಲ್ಲಿ ನಿಂತು ಈ ಮಾತು ನೆನೆಸಿಕೊಂಡೆ. ಆದರೆ ಈಗ ಹೇಳಬೇಕಾದದ್ದು ಹದಿನೈದರ ಆಗಸ್ಟಿನ ಸಂಗತಿ.

ಬೀದರಿನ ಸುತ್ತಮುತ್ತ ಇರುವವರಿಗೆ ವಿಮಾನ ಹೊಸದಲ್ಲ. ವಾಯುಪಡೆಯ ತರಬೇತಿ ವಿಮಾನಗಳು ದಿನಾ ತಲೆಯ ಮೇಲೆ ಗುಂಯ್ ಎನ್ನುತ್ತಿರುತ್ತವೆ. ನಾವು ಪಾಠದ ನಡುವೆ ಬಾಯಿ ಮುಚ್ಚಿ, ಅದು ದಾಟಿದ ಮೇಲೆ ಅದೇ ವಾಕ್ಯ ಮುಂದುವರಿಸುವುದನ್ನು ಕಲಿತಿದ್ದೇವೆ. ಆ ಆಗಸ್ಟಿನಲ್ಲಿ ದಿನಾ ಮಧ್ಯಾಹ್ನ ಪಶ್ಚಿಮಕ್ಕೆ ಮೋಡ ಏಳುತ್ತಿತ್ತು. ಜನ ಹೊಲದ ಬದುವಿನಲ್ಲಿ ನಿಂತು ಕಣ್ಣಲ್ಲಿ ಕಣ್ಣಿಟ್ಟು ನೋಡುವರು. ಅಷ್ಟರಲ್ಲಿ ಒಂದು ವಿಮಾನ ಬರುವುದು, ಹೋಗುವುದು. ಮೋಡ ತೆಳ್ಳಗಾಗಿ, ಹರಿದು, ಇಲ್ಲವಾಗುವುದು. ದಿನಾ ಇದೇ ಆದರೆ ಯಾರಿಗಾದರೂ ಏನನ್ನಿಸಬೇಕು? ಅದೇ ಹೊತ್ತಿಗೆ, ಗಡಿಯಾಚೆ ಮಹಾರಾಷ್ಟ್ರದಲ್ಲಿ ವಿಮಾನದಿಂದ ಮೋಡಕ್ಕೆ ಉಪ್ಪು ಎರಚಿ ಮಳೆ ಬರಿಸುತ್ತಾರಂತೆ ಎಂಬ ಸುದ್ದಿ ಬಂತು.

“ಇಮಾನದಿಂದ ಮಳಿ ಬರಸ್ಲಕ್ಕ ಬರ್ತದ ಅಂದ್ರ, ಓಡಸ್ಲಕ್ಕೂ ಬರ್ತದ,” ಎಂದರು ಶಿವರಾಜಪ್ಪ. ಮಾತು ಸುಳ್ಳು, ಆದರೆ ಪೊಳ್ಳಲ್ಲ.

ಆ ಮಾತು ಊರ ತುಂಬ ಹಬ್ಬಿತು. ಹುಡುಗರು ಅದಕ್ಕೊಂದು ಉಪಾಯವನ್ನೂ ಹುಡುಕಿದರು. ಮೋಡ ಕಟ್ಟಿದ ಹೊತ್ತಿಗೆ ಊರಿನ ನಾಲ್ಕೂ ಕಡೆ ಟೈರು ಸುಟ್ಟರೆ ಕರಿ ಹೊಗೆ ಎದ್ದು ವಿಮಾನಗಳು ಈ ದಾರಿ ಬಿಡುತ್ತವೆ, ಮೋಡ ನಮಗೆ ಉಳಿಯುತ್ತದೆ. ಟೈರು ಎಲ್ಲಿವೆ? ಗಿರಿಜಾಬಾಯಿಯ ಚಪ್ಪರದಲ್ಲಿ. ಕೇಳಲಿಕ್ಕೆ ಸ್ವತಃ ಶಿವರಾಜಪ್ಪನವರೇ ಬಂದರು.

“ಕೊಡಂಗಿಲ್ರಿ ಕಾಕಾ,” ಎಂದರು ಗಿರಿಜಾಬಾಯಿ.

“ಯಾಕ?”

“ಇಮಾನಕ್ಕೂ ಮೋಡಕ್ಕೂ ಏನೂ ಸಂಬಂಧ ಇಲ್ರಿ. ಸುಮ್ಮ ಊರ ಮಂದಿ ಕೆಮ್ಮಿ ಸಾಯ್ತಾರ. ಮ್ಯಾಲ ಹಾರೋ ಹುಡುಗ್ರಿಗೆ ಏನಾರ ಆದ್ರ ಯಾರ ಜವಾಬ್ದಾರಿ?”

“ಮಳಿ ಬ್ಯಾಡಾಗ್ಯದೇನು ನಿನಗ?”

“ನಿಮಗಿಂತ ಹೆಚ್ಚು ಬೇಕಾಗ್ಯದರಿ.”

ಶಿವರಾಜಪ್ಪ ಸೈಕಲ್ ತಿರುಗಿಸಿಕೊಂಡು ಹೋದರು.

ಡಂಗುರ ಹೊಡೆಯಲಿಲ್ಲ, ಪಂಚಾಯ್ತಿ ಕೂಡಲಿಲ್ಲ. ಮರುದಿನದಿಂದ ಜನ ಆ ಚಪ್ಪರದ ಮುಂದೆಯೇ ಹವಾ ಇಲ್ಲದ ಸೈಕಲ್ ನೂಕಿಕೊಂಡು ಮುಂದಿನ ಊರಿಗೆ ಹೋಗತೊಡಗಿದರು, ಅಷ್ಟೇ. ಅದೇ ಮಾತನ್ನು ನಾನು ಹೇಳಿದ್ದರೆ ಮಾಸ್ತರ ಹುಚ್ಚ ಎಂದು ನಕ್ಕು ಬಿಡುತ್ತಿದ್ದರು. ಹೇಳಿದವಳು ಹೆಂಗಸು, ಅದರಲ್ಲೂ ದಲಿತ ಬೌದ್ಧರ ಓಣಿಯ ಹೆಂಗಸು. ನಿನಗೇಕೆ ಇಷ್ಟು ಗೊತ್ತು ಎಂಬ ಸಿಟ್ಟೂ ಆ ಮೌನದಲ್ಲಿ ಸೇರಿತ್ತು. ಇದನ್ನು ನಾನು ಮುಚ್ಚಿಡುವುದಿಲ್ಲ.

ದಿನಗಳು ಕಳೆದವು. ಅಂಗಡಿಗೆ ನನ್ನ ಸೈಕಲ್ಲೊಂದೇ ಗಿರಾಕಿ. ದತ್ತಾತ್ರಿಯ ಫೋನು ಬಂತು: ಮುಂದಿನ ರವಿವಾರ ಬರುತ್ತೇನೆ, ಸಾಮಾನು ಕಟ್ಟಿಡು, ಇನ್ನು ಹಟ ಸಾಕು. ಗಿರಿಜಾಬಾಯಿ ಫೋನು ಕೆಳಗಿಟ್ಟು ಪಂಪಿನ ಹಿಡಿಕೆ ಒರೆಸುತ್ತ ಕೂತರು.

“ನಮ್ಮಪ್ಪನ್ನ ಬರ ಹೊರಗ ಹಾಕಿತ್ರಿ. ನನ್ನ ಮಂದಿ ಹಾಕ್ಲಕತ್ತಾರ. ಇದು ನನಗ ತಡಕೊಳ್ಳಲಕ್ಕ ಆಗಂಗಿಲ್ಲ,” ಎಂದರು. ಆ ದೊಡ್ಡ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಆ ವಾರವೇ ಹುಡುಗರು ಎಲ್ಲಿಂದಲೋ ಲಾರಿ ಟೈರುಗಳನ್ನು ಉರುಳಿಸಿಕೊಂಡು ಬಂದು ಸ್ಟೇಶನ್ನಿನ ಬಯಲಲ್ಲಿ ಪೇರಿಸಿದರು. ಮಧ್ಯಾಹ್ನ ಪಶ್ಚಿಮಕ್ಕೆ ಮೋಡ ಎದ್ದಿತ್ತು. ನಾನು ಅರ್ಧ ದಿನದ ರಜೆ ಹಾಕಿ ಗಾಡಿಗೆ ಕಾಯುತ್ತಿದ್ದೆ. ಶಿವರಾಜಪ್ಪ ಬೇವಿನ ಮರದ ಕಟ್ಟೆಯ ಮೇಲೆ ಕೂತಿದ್ದರು. ಸೀಮೆಎಣ್ಣೆ ಡಬ್ಬಿ ಬಂತು. ಆಗ ಚಪ್ಪರದೊಳಗಿಂದ ಆ ದನಿ ಮೊದಲಿನಂತೆಯೇ ಎದ್ದಿತು.

“ಸುಡೋರಿದ್ರ ಸುಡ್ರಿ! ಆದ್ರ ಮೊದಲ ಇಲ್ಲಿ ಬಂದು ಮೋಡ ಹ್ಯಾಂಗ ಹುಟ್ಟತದ ನೋಡ್ರಿ. ಆಮ್ಯಾಲ ನಾನೇ ಕಡ್ಡಿ ಕೊರದ ಕೊಡ್ತೇನಿ!”

ತಮಾಷೆ ಎಂದರೆ ಯಾರು ಬಿಡುತ್ತಾರೆ? ಎಲ್ಲರೂ ಬಂದರು. ಬೇಡ ಬೇಡವೆನ್ನುತ್ತ ಶಿವರಾಜಪ್ಪನವರೂ ಎದ್ದು ಬಂದು ಹಿಂದೆ ನಿಂತರು.

ಗಿರಿಜಾಬಾಯಿ ಪ್ಲಾಸ್ಟಿಕ್ ನೀರಿನ ಬಾಟಲಿ ತಂದಿದ್ದರು. ಬಾಯಿಗೆ ಹಳೆ ಟೈರಿನಿಂದ ಕತ್ತರಿಸಿ ಮಾಡಿದ ಬಿರಡೆ, ಅದರೊಳಗೆ ವಾಲ್. ಬಾಟಲಿಯ ಹಿನ್ನೆಲೆ ಕಪ್ಪಗೆ ಕಾಣಲೆಂದು ಹಿಂದೆ ಒಂದು ಟೈರು ನಿಲ್ಲಿಸಿದರು. ಒಂದು ಗುಟುಕು ನೀರು ಹಾಕಿ ಅಲ್ಲಾಡಿಸಿ ಬಿರಡೆ ಒತ್ತಿದರು. ಪಂಪು ಹೊಡೆದರು. ಬಾಟಲಿ ಬಿರುಸಾಯಿತು. ಬಿರಡೆ ಫಟ್ಟೆಂದು ಹಾರಿತು.

ಬಾಟಲಿಯಲ್ಲಿ ಏನೂ ಇಲ್ಲ.

ಜನ ಹೋ ಎಂದು ನಕ್ಕರು. ಬಿರಡೆ ತಾಗಿಸಿಕೊಂಡ ಒಬ್ಬ ಹಣೆ ಉಜ್ಜಿಕೊಳ್ಳುತ್ತ ಇನ್ನೂ ಜೋರಾಗಿ ನಕ್ಕ. ಗಿರಿಜಾಬಾಯಿ ಬಾಟಲಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಥಟ್ಟನೆ ಹಣೆ ಬಡಿದುಕೊಂಡರು. ಹಮೀದುನ್ನಿಸಾ ಟೀಚರು ಆ ದಿನ ಕಡ್ಡಿ ಗೀರಿ ಆರಿಸಿ, ಅದರ ಹೊಗೆಯನ್ನು ಬಾಟಲಿಗೆ ಬಿಟ್ಟಿದ್ದರು. ಹನಿಯಾಗಲಿಕ್ಕೆ ಆವಿಗೆ ಹಿಡಿದು ಕೂರುವ ಒಂದು ಕಣ ಬೇಕು. ಅದನ್ನು ಇವರು ಮರೆತಿದ್ದರು.

ಒಳಗೆ ಬಾಬಾಸಾಹೇಬರ ಪಟದ ಮುಂದೆ ಹಚ್ಚಿದ್ದ ಊದಿನಕಡ್ಡಿ ತಂದು ಒಂದಿಷ್ಟು ಹೊಗೆ ಬಾಟಲಿಗೆ ಬಿಟ್ಟರು. ಬಿರಡೆ ಒತ್ತಿದರು, ಪಂಪು ಹೊಡೆದರು. ಫಟ್. ಈ ಸಲ ಬಾಟಲಿಯ ತುಂಬ ಬೆಳ್ಳನೆಯ ಮೋಡ. ಕರಿ ಟೈರಿನ ಮುಂದೆ ಅದು ಸುತ್ತುತ್ತ ನಿಂತಿತ್ತು. ಮತ್ತೆ ಬಿರಡೆ ಒತ್ತಿ ಪಂಪು ಹೊಡೆದರೆ ಮಾಯ, ಬಿರಡೆ ಹಾರಿದರೆ ಮತ್ತೆ ಮೋಡ. ಯಾರೂ ನಗಲಿಲ್ಲ. ಐವತ್ತರ ಹತ್ತಿರ ಬಂದವನು ಮೋಡ ಹುಟ್ಟುವುದನ್ನು ಮೊದಲ ಸಲ ನೋಡಿದ್ದೆ.

ಆಗ ಗುಂಪಿನಿಂದ ಒಬ್ಬ ಕೂಗಿದ: “ಹೊಗಿ! ಹೊಗಿ ಹಾಕಿದ ಮ್ಯಾಲೇ ಮೋಡ ಬಂತು! ಇನ್ನೇನ ಬೇಕು, ಟೈರ್ ಸುಡ್ರಿ, ದೊಡ್ಡ ಮೋಡ ಬರ್ತದ!”

ಹೌದಲ್ಲ ಹೌದಲ್ಲ ಎಂದು ಎಲ್ಲರೂ ಕುಣಿಯುವುದೊಂದು ಬಾಕಿ. ವಿಮಾನದ ಮಾತೇ ಎಲ್ಲರಿಗೂ ಮರೆತುಹೋಗಿತ್ತು. ನಾನು ತಲೆಯ ಮೇಲೆ ಕೈ ಹೊತ್ತುಕೊಂಡೆ. ಟೈರು ಸುಡಬೇಡಿ ಎಂದು ಹೇಳಲಿಕ್ಕೆ ಹೋಗಿ, ಸುಡಲಿಕ್ಕೆ ಇನ್ನೊಂದು ಕಾರಣ ಕೊಟ್ಟಂತಾಯಿತು.

“ನಿಂದರ್ರಿ!” ಎಂದರು ಗಿರಿಜಾಬಾಯಿ. ತಗಡಿನ ಮೇಲೆ ಬೆಳಗಿನಿಂದ ಬಿಸಿಲಿಗೆ ಒಣಗಿಸಿಟ್ಟಿದ್ದ ಇನ್ನೊಂದು ಬಾಟಲಿ ಇಳಿಸಿದರು. “ಇದರಾಗ ಹನಿ ನೀರಿಲ್ಲ. ಹೊಗಿ ಬೇಕಾದಷ್ಟು ಹಾಕ್ತೇನಿ. ನಿಮ್ಮ ಮೋಡ ಬರ್ತದೇನು ನೋಡೂನು.”

ಊದಿನಕಡ್ಡಿಯ ಹೊಗೆ ಮೊದಲಿಗಿಂತ ಹೆಚ್ಚೇ ಹಾಕಿದರು. ಅದೇ ಬಿರಡೆ, ಅದೇ ಪಂಪು. ಫಟ್.

ಏನೂ ಬರಬಾರದಿತ್ತು. ಆದರೆ ಬಂತು. ಕನ್ನಡಿಗೆ ಉಸಿರು ಬಿಟ್ಟಾಗ ಕಾಣುವಷ್ಟು ಮಸಕು, ಬಂದಿತು, ನಾವು ನೋಡುತ್ತಿದ್ದಂತೆಯೇ ಕರಗಿಹೋಯಿತು. ಗಿರಿಜಾಬಾಯಿಯ ಮುಖ ಸಪ್ಪಗಾಯಿತು. ಒಣ ಬಾಟಲಿಯಲ್ಲಿ ಏನೂ ಹುಟ್ಟುವುದಿಲ್ಲ ಎಂದು ಅವರೇ ನಂಬಿದ್ದರು. ಆಗಸ್ಟಿನ ಹವಾದಲ್ಲಿ, ಬರಗಾಲದ್ದಾದರೂ, ಒಂದಿಷ್ಟು ತೇವ ಇದ್ದೇ ಇರುತ್ತದೆ ಎಂಬುದು ಅವರಿಗೆ ಹೊಳೆದಿರಲಿಲ್ಲ. ಸೋತೆವು ಎಂದುಕೊಂಡೆ ನಾನು.

“ಇನ್ನೊಮ್ಮಿ ಮಾಡು,” ಎಂಬ ದನಿ ಹಿಂದಿನಿಂದ ಬಂತು. ಶಿವರಾಜಪ್ಪ.

ಗಿರಿಜಾಬಾಯಿ ಮಾಡಿದರು. ಮಸಕು ಬಂತು, ಕರಗಿತು.

“ಇನ್ನೊಮ್ಮಿ.”

ಬಂತು, ಕರಗಿತು. ಶಿವರಾಜಪ್ಪ ಮುಂದೆ ಬಂದು ಕೂತು ಬಾಟಲಿಯನ್ನು ಕೈಗೆ ತೆಗೆದುಕೊಂಡು ಕಣ್ಣಿಗೆ ಹಿಡಿದರು. ಆಮೇಲೆ ತಲೆಯೆತ್ತಿ ಪಶ್ಚಿಮಕ್ಕೆ ನೋಡಿದರು. ಗುಂಪು ಅವರು ನೋಡಿದ ಕಡೆ ನೋಡಿತು. ಮಧ್ಯಾಹ್ನದಿಂದ ಎದ್ದಿದ್ದ ಮೋಡ ಅಲ್ಲಿ ತೆಳ್ಳಗಾಗಿ ಹರಿಯುತ್ತಿತ್ತು. ಆ ಮಧ್ಯಾಹ್ನ ವಿಮಾನ ಬಂದೇ ಇರಲಿಲ್ಲ. ಯಾರಿಗೂ ಅದು ಲಕ್ಷ್ಯಕ್ಕೇ ಬಂದಿರಲಿಲ್ಲ.

ಗಿರಿಜಾಬಾಯಿ ಈಗ ಮೆಲ್ಲಗೆ ಹೇಳಿದರು: “ಇದೇ ನೋಡ್ರಿ ನಮ್ಮ ಮ್ಯಾಲಿನ ಮೋಡ. ಹುಟ್ಟತದ. ಸುತ್ತಮುತ್ತಲಿನ ಒಣ ಹವಾ ಅದನ್ನ ಕುಡದ ಬಿಡತದ. ಹೊಗಿ ಎಷ್ಟಿದ್ರ ಏನ್ರಿ, ಉಪ್ಪು ಎರಚಿದ್ರ ಏನ್ರಿ, ನೀರೇ ಇಲ್ಲದ ಬಾಟ್ಲಿ ಇದು.”

“ಹಂಗಾದ್ರ ಈ ಬಾಟ್ಲಿಯೊಳಗ ಇಮಾನ ಯಾವಾಗ ಹೋಗಿತ್ತೋ?” ಎಂದು ಹಿಂದಿನಿಂದ ಒಬ್ಬ ಕೇಳಿದ. ಗುಂಪೆಲ್ಲ ನಕ್ಕಿತು. ಮೊದಲು ಹೊಗೆ ಹೊಗೆ ಎಂದು ಕುಣಿದವನೇ ಎಲ್ಲರಿಗಿಂತ ಜೋರಾಗಿ ನಕ್ಕ.

ಶಿವರಾಜಪ್ಪ ನಗಲಿಲ್ಲ. ಬಾಟಲಿಯನ್ನು ಜೋಪಾನವಾಗಿ ನೆಲಕ್ಕಿಟ್ಟು, ಧೋತರದ ಧೂಳು ಕೊಡವಿ, ಯಾರ ಮುಖವನ್ನೂ ನೋಡದೆ ಮನೆಯ ದಾರಿ ಹಿಡಿದರು. ಅವರು ಹೋದ ಮೇಲೆ ಸೀಮೆಎಣ್ಣೆ ಡಬ್ಬಿಯೂ ಹೋಯಿತು. ಟೈರುಗಳು ಬಯಲಲ್ಲೇ ಉಳಿದವು.

ನಾನು ಗೆದ್ದೆವು ಎಂದು ಕುಣಿದೆ. ಕುಣಿದದ್ದು ಬೇಗವಾಯಿತು. ಮರುದಿನವೂ ಅಂಗಡಿಗೆ ಯಾರೂ ಬರಲಿಲ್ಲ, ಅದರ ಮರುದಿನವೂ ಇಲ್ಲ. ವಿಮಾನದ ಮಾತು ಸತ್ತಿತ್ತು, ಆದರೆ ಹಿರಿಯರ ಸೈಕಲ್ ಬಾರದೆ ತಾನು ಮೊದಲು ಬರಲು ಯಾರಿಗೂ ಧೈರ್ಯವಿಲ್ಲ. ಹಿರಿಯರೋ, ಎದುರು ಸಿಕ್ಕರೆ ಆಕಾಶ ನೋಡುತ್ತ ಹೋಗುತ್ತಿದ್ದರು. ತಪ್ಪಾಯಿತು ಎಂಬ ಒಂದು ಮಾತು ಆಡಲಿಕ್ಕೆ ನಮ್ಮ ಕಡೆಯ ಮನುಷ್ಯನಿಗೆ ಇಡೀ ಜನ್ಮ ಸಾಕಾಗುವುದಿಲ್ಲ. ಇದು ನಾನು ಕನ್ನಡಿ ನೋಡಿಕೊಂಡೂ ಹೇಳುವ ಮಾತು.

ಶನಿವಾರ ಬೆಳಿಗ್ಗೆ ನಾನು ಗಾಡಿಯಿಂದ ಇಳಿದಾಗ ಚಪ್ಪರ ಖಾಲಿಯಾಗಿತ್ತು. ಟೈರುಗಳನ್ನು ಇಳಿಸಿ ಹಗ್ಗದಲ್ಲಿ ಕಟ್ಟಿದ್ದರು. ಪಾನಾ, ಇಕ್ಕಳ, ಸೊಲ್ಯೂಷನ್ ಡಬ್ಬಿ ಒಂದು ಟ್ರಂಕಿನಲ್ಲಿ. ಪಂಪು ಮಾತ್ರ ಹೊರಗಿತ್ತು. ನಾಳೆ ದತ್ತಾತ್ರಿ ಬರುವವನಿದ್ದ. ಗಿರಿಜಾಬಾಯಿ ನನ್ನ ಸೈಕಲ್ಲಿನ ಚೈನು ಬಿಗಿಮಾಡುತ್ತ, “ಎಣ್ಣಿ ಹಾಕೀನ್ರಿ ಮಾಸ್ತರ, ಇನ್ನ ದೀಪಾವಳಿ ತನಕ ಚಿಂತಿಲ್ಲ,” ಎಂದರು.

ಬೇವಿನ ಮರದ ತಿರುವಿನಿಂದ ಒಂದು ಕರಿ ಸೈಕಲ್ ಬಂತು. ಶಿವರಾಜಪ್ಪ ಅದನ್ನು ನೂಕಿಕೊಂಡು ಬರುತ್ತಿದ್ದರು. ಮುಂದಿನ ಗಾಲಿ ನೆಲಕ್ಕೆ ಅಂಟಿತ್ತು. ಚಪ್ಪರದ ಕಂಬಕ್ಕೆ ಸೈಕಲ್ ಒರಗಿಸಿದರು. ಕಟ್ಟಿಟ್ಟ ಟೈರುಗಳನ್ನು ನೋಡಿದರು, ಟ್ರಂಕು ನೋಡಿದರು.

“ಹವಾ ಇಳದದ,” ಎಂದರು.

ಗಿರಿಜಾಬಾಯಿ ಎದ್ದು ಬಂದು ಗಾಲಿಯ ಮುಂದೆ ಕೂತರು. ಹೆಬ್ಬೆರಳನ್ನು ವಾಲಿನ ಮೇಲಿಟ್ಟರು. ಬೆರಳು ಅಲ್ಲೇ ನಿಂತಿತು. ತಲೆಯೆತ್ತಿ ಹಿರಿಯರ ಮುಖ ನೋಡಿದರು. ಹಿರಿಯರು ಚಪ್ಪರದ ತಗಡು ನೋಡುತ್ತಿದ್ದರು.

“ಮಾಸ್ತರ, ಇದನ್ನ ಜರಾ ಹಿಡೀರಿ,” ಎಂದರು ನನಗೆ.

ಹಿಡಿದೆ. ಬೆಳಗಿನ ಬಿಸಿಲಿಗೆ ರಿಮ್ಮು, ಕಡ್ಡಿ ಎಲ್ಲ ಬೆಚ್ಚಗಾಗಿದ್ದವು. ವಾಲ್ ಒಂದೇ ತಣ್ಣಗಿತ್ತು. ನನಗೆ ತಿಳಿಯಲು ಒಂದು ಗಳಿಗೆ ಹಿಡಿಯಿತು. ಈ ಟ್ಯೂಬಿನ ಹವಾ ಹೊರಗೆ ಹೋಗಿ ಬಹಳ ಹೊತ್ತಾಗಿಲ್ಲ, ಈಗಷ್ಟೇ, ಆ ತಿರುವಿನಲ್ಲಿ, ಮರದ ಮರೆಯಲ್ಲಿ, ವಾಲಿನಿಂದಲೇ ಹೋಗಿದೆ. ನಾನು ಬಾಯಿ ತೆರೆದೆ. ಗಿರಿಜಾಬಾಯಿ ನನ್ನನ್ನು ಎಂಥ ನೋಟ ನೋಡಿದರೆಂದರೆ, ತೆರೆದ ಬಾಯನ್ನು ಹಾಗೆಯೇ ಮುಚ್ಚಿಕೊಂಡೆ.

“ಮುಳ್ಳ ಹತ್ತಿರಬೇಕ್ರಿ ಕಾಕಾ,” ಎಂದರು ಅವರು.

“ಹತ್ತಿರಬೇಕು,” ಎಂದರು ಶಿವರಾಜಪ್ಪ.

ಗಿರಿಜಾಬಾಯಿ ಮುಳ್ಳು ಹುಡುಕಲಿಲ್ಲ, ಟ್ಯೂಬು ಬಿಚ್ಚಲಿಲ್ಲ. ಸೆರಗು ಸೊಂಟಕ್ಕೆ ಬಿಗಿದು, ಪಂಪಿನ ಎರಡೂ ಕಾಲು ತುಳಿದು ನಿಂತು ಹವಾ ಹೊಡೆದರು. ಟೈರು ಮೆಲ್ಲಗೆ ನೆಲ ಬಿಟ್ಟು ಎದ್ದಿತು. ಶಿವರಾಜಪ್ಪ ಹಿಡಿಕೆ ಹಿಡಿದು ಹೊರಟವರು ಎರಡು ಹೆಜ್ಜೆ ಇಟ್ಟು ನಿಂತರು.

“ನಾಳಿ ಹಿಂದಿನ ಗಾಲಿ ತರ್ತೇನಿ,” ಎಂದರು, ಈ ಕಡೆ ತಿರುಗದೆಯೇ. “ಇರ್ತಿಯಿಲ್ಲೋ?”

ಗಿರಿಜಾಬಾಯಿ ಪಂಪು ಬಿಡದೆ ಹಾಗೇ ನಿಂತಿದ್ದರು. ಅವರ ಕಣ್ಣು ತುಂಬಿತ್ತು, ದನಿ ಮಾತ್ರ ಸ್ಟೇಶನ್ ಮಾಸ್ತರಿಗೂ ಕೇಳುವಷ್ಟು ದೊಡ್ಡದಿತ್ತು.

“ಇರ್ತೇನ್ರಿ!”

ಆಮೇಲೆ ನಾವಿಬ್ಬರೂ ಸೇರಿ ಟೈರುಗಳ ಹಗ್ಗ ಬಿಚ್ಚಿದೆವು.